ವರ್ಷಕ್ಕೆ ಎರಡೇ ಪಂದ್ಯ ಆಡುವ ಹುಡುಗನಿಗೆ ಫುಟ್‌ಬಾಲ್ ಫೆಡರೇಷನ್ ಏನು ಮಾಡಬೇಕು?

ಪಿ.ಟಿ. ಮೇಷ್ಟ್ರು
ಶನಿವಾರ, 22 ನವೆಂಬರ್ 2025, ರಾತ್ರಿ 9.40

ಮಂಗಳವಾರ ರಾತ್ರಿ ಭಾರತ ತಂಡ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0–1ರಿಂದ ಸೋತದ್ದನ್ನು ನಮ್ಮ ಶಾಲೆಯ ಆರು ಹುಡುಗರು ನನ್ನ ಮನೆಯ ಪಡಸಾಲೆಯಲ್ಲಿ ಕುಳಿತು ನೋಡಿದರು. ಒಂದು ಮೊಬೈಲ್, ಆರು ತಲೆ. ಹನ್ನೊಂದನೇ ನಿಮಿಷಕ್ಕೆ ಗೋಲು ಬಿತ್ತು. ಆಮೇಲೂ ಕೊನೆಯ ಸೀಟಿಯವರೆಗೆ ಒಬ್ಬನೂ ಏಳಲಿಲ್ಲ. ಬಾಂಗ್ಲಾದೇಶದ ಎದುರು ನಾವು ಸೋತದ್ದು 22 ವರ್ಷಗಳ ನಂತರ. 2027ರ ಏಷ್ಯಾ ಕಪ್‌ನ ಬಾಗಿಲಂತೂ ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರಕ್ಕೆ ಸೋತಾಗಲೇ ಮುಚ್ಚಿತ್ತು. ಆಟ ಮುಗಿದ ಮೇಲೆ ಹಿರಿಯರೆಲ್ಲ ಫೆಡರೇಷನ್ನನ್ನು ಬೈಯುತ್ತಿದ್ದಾಗ ಒಂಬತ್ತನೇ ತರಗತಿಯ ಹುಡುಗ ಕೇಳಿದ: ‘ಸರ್, ಫೆಡರೇಷನ್ ಏನು ಕೆಲಸ ಮಾಡುತ್ತದೆ?’ ತಂಡ ಆರಿಸುತ್ತದೆ, ಕೋಚ್ ನೇಮಿಸುತ್ತದೆ ಎಂದೆ. ‘ಅಷ್ಟೆಯೇ ಸರ್?’ ಎಂದ. ನಾಲ್ಕು ದಿನವಾಯಿತು, ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಾನು ಮಧ್ಯ ಕರ್ನಾಟಕದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ದಿನಚರಿ ಪುಸ್ತಕವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಈ ವರ್ಷ ನಮ್ಮ ತಂಡ ಆಡಿದ ಪಂದ್ಯಗಳು ಎರಡು. ಹೋಬಳಿ ಮಟ್ಟದಲ್ಲಿ ಗೆದ್ದೆವು, ತಾಲ್ಲೂಕು ಮಟ್ಟದಲ್ಲಿ ಪೆನಾಲ್ಟಿಯಲ್ಲಿ ಸೋತೆವು. ಸೆಪ್ಟೆಂಬರ್ ಮೊದಲ ವಾರಕ್ಕೆ ಆ ಮಕ್ಕಳ ಫುಟ್‌ಬಾಲ್ ವರ್ಷ ಮುಗಿದುಹೋಯಿತು. ಆ ಎರಡು ಪಂದ್ಯಗಳೂ ಶಿಕ್ಷಣ ಇಲಾಖೆಯ ಕ್ರೀಡಾಕೂಟದವು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವುದೇ ದೇಶದ ಫುಟ್‌ಬಾಲ್ ಫೆಡರೇಷನ್ನಿನ ಮೊದಲ ಕೆಲಸ ಪಂದ್ಯ ಆಡಿಸುವುದು. ಹದಿನಾಲ್ಕು ವರ್ಷದ ಮಗುವಿಗೆ, ಅದು ಯಾವ ಊರಿನಲ್ಲೇ ಇರಲಿ, ವರ್ಷಕ್ಕೆ ಇಪ್ಪತ್ತೈದು ಪಂದ್ಯವಾದರೂ ಸಿಗುವಂತೆ ನೋಡಿಕೊಳ್ಳುವುದು. ರಾಷ್ಟ್ರೀಯ ತಂಡ, ಟಿ.ವಿ. ಹಣ, ವಿದೇಶಿ ಕೋಚ್ ಎಲ್ಲವೂ ಅದರ ನಂತರ. ಒಪ್ಪದವರು ವಾದಿಸಿ, ಕೇಳಿಸಿಕೊಳ್ಳುತ್ತೇನೆ.


ನೀಲಿ ಗ್ಯಾಲರಿ
ರಾತ್ರಿ 10.05

ಮೇಷ್ಟ್ರೇ, ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಸೂರೇ ಹಾರಿಹೋಗುತ್ತಿರುವಾಗ ಅಂಗಳ ಸಾರಿಸಿ ಏನು ಪ್ರಯೋಜನ? ಜುಲೈ 11ರಿಂದ ಇಂಡಿಯನ್ ಸೂಪರ್ ಲೀಗ್ ನಿಂತಿದೆ. ಲೀಗ್ ನಡೆಯಲು ಆಧಾರವಾಗಿದ್ದ, 2010ರಲ್ಲಿ ಹದಿನೈದು ವರ್ಷಕ್ಕೆ ಮಾಡಿಕೊಂಡ ವಾಣಿಜ್ಯ ಒಪ್ಪಂದ ಬರುವ ಡಿಸೆಂಬರ್ 8ಕ್ಕೆ ಮುಗಿಯುತ್ತದೆ. ಅದರಿಂದ ಫೆಡರೇಷನ್ನಿಗೆ ವರ್ಷಕ್ಕೆ 50 ಕೋಟಿ ರೂಪಾಯಿ ಬರುತ್ತಿತ್ತು. ಹೊಸ ಟೆಂಡರ್ ಕರೆದರು. ನವೆಂಬರ್ 7ರ ಗಡುವಿನೊಳಗೆ ಒಂದು ಬಿಡ್ ಕೂಡ ಬರಲಿಲ್ಲ. ಒಂದೂ ಇಲ್ಲ! ನಮ್ಮ ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲೇ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು. 2013ರಲ್ಲಿ ಹುಟ್ಟಿ ಮೊದಲ ವರ್ಷವೇ, ಆಗ ದೇಶದ ಅತ್ಯುನ್ನತ ಲೀಗ್ ಆಗಿದ್ದ ಐ-ಲೀಗ್ ಗೆದ್ದ ಕ್ಲಬ್ ಅದು, 2016ರಲ್ಲಿ ದೋಹಾದಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಆಡಿದ ಕ್ಲಬ್. ಕಂಠೀರವದ ಗ್ಯಾಲರಿಯಲ್ಲಿ ಹನ್ನೊಂದು ವರ್ಷ ಗಂಟಲು ಹರಿದುಕೊಂಡವನು ನಾನು. ಈ ನವೆಂಬರ್‌ನಲ್ಲಿ ಆ ಬೀದಿಯಲ್ಲಿ ಹಾದುಹೋಗಲು ಮನಸ್ಸಾಗುವುದಿಲ್ಲ.

ದೊಡ್ಡ ಲೀಗ್ ಇಲ್ಲವೆಂದರೆ ನಿಮ್ಮ ಒಂಬತ್ತನೇ ತರಗತಿಯ ಹುಡುಗ ಯಾವುದನ್ನು ನೋಡಿ ಕನಸು ಕಾಣಬೇಕು? ದೇಶದ ಅತ್ಯುನ್ನತ ಲೀಗ್ ನಿಲ್ಲದಂತೆ ಕಾಯುವುದೇ ಫೆಡರೇಷನ್ನಿನ ಮೊದಲ ಕೆಲಸ.


ಪಿ.ಟಿ. ಮೇಷ್ಟ್ರು
ರಾತ್ರಿ 10.20

ನನ್ನ ಹುಡುಗರು ಅಂಗಳವಲ್ಲ, ತಳಪಾಯ. ಸೂರು ಹಾರಿದ್ದು ಗಾಳಿ ಜೋರಾಗಿ ಬೀಸಿದ್ದರಿಂದಲೋ, ಗೋಡೆಯೇ ಇಲ್ಲದ್ದರಿಂದಲೋ ಯೋಚಿಸಿ.


ಕಾನೂನು ಓದುಗ
ರಾತ್ರಿ 11.15

ಇಬ್ಬರೂ ‘ಫೆಡರೇಷನ್ ಏನು ಮಾಡಬೇಕು’ ಎನ್ನುತ್ತಿದ್ದೀರಿ. ಅದು ಯಾರಿಗೆ ಉತ್ತರ ಕೊಡಬೇಕಾದ ಸಂಸ್ಥೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಉಳಿದದ್ದೆಲ್ಲ ಅಲ್ಲಿಂದಲೇ ಹರಿಯುತ್ತದೆ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಸರ್ಕಾರದ ಇಲಾಖೆಯಲ್ಲ. 1937ರ ಜೂನ್‌ನಲ್ಲಿ ಶಿಮ್ಲಾದಲ್ಲಿ ಪ್ರಾಂತೀಯ ಸಂಸ್ಥೆಗಳು ಸೇರಿ ಕಟ್ಟಿಕೊಂಡ ಸಂಘ ಅದು. 1948ರಲ್ಲಿ ಫಿಫಾ ಸದಸ್ಯತ್ವ ಸಿಕ್ಕಿತು, 1954ರಲ್ಲಿ ಏಷ್ಯಾ ಒಕ್ಕೂಟದ ಸ್ಥಾಪಕ ಸದಸ್ಯನಾಯಿತು. ಮೇಲೆ ಫಿಫಾ, ಕೆಳಗೆ ಏಷ್ಯಾ ಒಕ್ಕೂಟ, ಅದರಡಿ ಎಐಎಫ್‌ಎಫ್, ರಾಜ್ಯ ಸಂಸ್ಥೆ, ಜಿಲ್ಲಾ ಸಂಸ್ಥೆ, ಕಡೆಗೆ ಕ್ಲಬ್. ಒಂದು ದೇಶಕ್ಕೆ ಒಂದೇ ಸಂಸ್ಥೆಗೆ ಫಿಫಾ ಮಾನ್ಯತೆ. ಆ ಮಾನ್ಯತೆ ಹೋದರೆ ದೇಶದ ತಂಡವೂ ಇಲ್ಲ, ಅಂತರರಾಷ್ಟ್ರೀಯ ವರ್ಗಾವಣೆಯೂ ಇಲ್ಲ. ಇದು ಬಾಯಿಮಾತಿನ ಬೆದರಿಕೆಯಲ್ಲ ಎಂಬುದನ್ನು 2022ರಲ್ಲಿ ಕಣ್ಣಾರೆ ಕಂಡೆವು.

ಆಗಿನ ಅಧ್ಯಕ್ಷ ಪ್ರಫುಲ್ ಪಟೇಲ್ ಅವರ ಮೂರನೇ ಅವಧಿ 2020ರ ಡಿಸೆಂಬರ್‌ಗೆ ಮುಗಿದಿತ್ತು, ಚುನಾವಣೆ ನಡೆಯಲಿಲ್ಲ. 2022ರ ಮೇ 18ರಂದು ಸುಪ್ರೀಂ ಕೋರ್ಟ್ ಆ ಸಮಿತಿಯನ್ನು ಇಳಿಸಿ ಮೂವರ ಆಡಳಿತ ಸಮಿತಿಯನ್ನು ನೇಮಿಸಿತು. ‘ಹೊರಗಿನವರ ಅನುಚಿತ ಪ್ರಭಾವ’ ಎಂದು ಆಗಸ್ಟ್ 16ರಂದು ಫಿಫಾ ಭಾರತವನ್ನು ಅಮಾನತುಗೊಳಿಸಿತು. ಕ್ಲಬ್ ಚಾಂಪಿಯನ್‌ಷಿಪ್ ಆಡಲು ಉಜ್ಬೇಕಿಸ್ತಾನಕ್ಕೆ ಹೋಗಿ ಇಳಿದಿದ್ದ ಗೋಕುಲಂ ಕೇರಳದ ಹೆಣ್ಣುಮಕ್ಕಳು ಒಂದೂ ಪಂದ್ಯ ಆಡದೆ ಹಿಂದಿರುಗಿದರು. ಅಕ್ಟೋಬರ್‌ನಲ್ಲಿ ಇಲ್ಲೇ ನಡೆಯಬೇಕಿದ್ದ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಕೈತಪ್ಪುವುದರಲ್ಲಿತ್ತು. ಆಗಸ್ಟ್ 22ರಂದು ಕೋರ್ಟ್ ಆಡಳಿತ ಸಮಿತಿಯನ್ನು ವಿಸರ್ಜಿಸಿತು, 26ರಂದು ಅಮಾನತು ತೆರವಾಯಿತು. ತಪ್ಪು ಮಾಡಿದವರು ಯಾರೋ, ಚೀಲ ಹೊತ್ತು ಬರಿಗೈಯಲ್ಲಿ ವಿಮಾನ ಹತ್ತಿದವರು ಯಾರೋ.

ಸೆಪ್ಟೆಂಬರ್ 2ರಂದು ಚುನಾವಣೆ. ದೇಶದ ಮಾಜಿ ನಾಯಕ ಬೈಚುಂಗ್ ಭುಟಿಯಾ ಅವರಿಗೆ ಬಿದ್ದದ್ದು ಒಂದು ಮತ, ಕಲ್ಯಾಣ್ ಚೌಬೆ ಅವರಿಗೆ 33. ಚೌಬೆ ಅವರೂ ಮಾಜಿ ಗೋಲ್‌ಕೀಪರ್ ಎಂಬುದು ನಿಜ. ಆದರೆ ಮತ ಹಾಕಿದವರು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು. ಆಟಗಾರನಿಗೆ, ಕ್ಲಬ್ಬಿಗೆ, ರೆಫರಿಗೆ ಅಲ್ಲಿ ಮತವಿರಲಿಲ್ಲ. ಮೇಷ್ಟ್ರ ಹುಡುಗನಿಗೆ ಪಂದ್ಯ ಸಿಗದಿದ್ದರೆ ಕುರ್ಚಿ ಕಳೆದುಕೊಳ್ಳುವವರು ಯಾರೂ ಇಲ್ಲ. ನನಗೆ ಕಾಣುವ ಮೂಲ ಗಂಟು ಇದೇ.

ಈ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತು, ಅಕ್ಟೋಬರ್ 12ರಂದು ಫೆಡರೇಷನ್ ಅದನ್ನು ಅಂಗೀಕರಿಸಿತು. ಮಾಜಿ ಆಟಗಾರರಿಗೂ ಮಹಿಳೆಯರಿಗೂ ಅದರಲ್ಲಿ ಸ್ಥಾನವಿದೆ. ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನೂ ಮಾಡಿದೆ. ಇವೆರಡರ ಮೇಲೆ ನನಗೆ ಭರವಸೆಯಿದೆ. ಆದರೂ ಕಾಗದದ ಮೇಲಿನ ಸ್ಥಾನ ತಾಲ್ಲೂಕಿನ ಮೈದಾನ ತಲುಪಲು ಎಷ್ಟು ವರ್ಷ ಬೇಕು ಎಂಬುದನ್ನು ಕಾದು ನೋಡಬೇಕು.


ನೀಲಿ ಗ್ಯಾಲರಿ
ರಾತ್ರಿ 11.30

ಆ 33–1 ನನಗೂ ಇಂದಿಗೂ ಚುಚ್ಚುತ್ತದೆ.


ಸೀಟಿ
ಭಾನುವಾರ, 23 ನವೆಂಬರ್, ಬೆಳಿಗ್ಗೆ 6.50

ನಾನು ಹದಿನೆಂಟು ವರ್ಷದಿಂದ ರೆಫರಿ. ಇಲ್ಲಿ ಯಾರೂ ಮುಟ್ಟದ ಒಂದು ಕೆಲಸವಿದೆ: ಲೆಕ್ಕ ಇಡುವುದು. ಆಟದ ನಿಯಮಗಳನ್ನು ನಮ್ಮ ಫೆಡರೇಷನ್ ಬರೆಯುವುದಿಲ್ಲ. ಅವು ಅಂತರರಾಷ್ಟ್ರೀಯ ಮಂಡಳಿಯಿಂದ ಬರುತ್ತವೆ. ಫೆಡರೇಷನ್ ಮಾಡಬೇಕಾದದ್ದು ರೆಫರಿಗಳನ್ನು ತಯಾರು ಮಾಡುವುದು, ಕೋಚ್‌ಗಳಿಗೆ ಲೈಸೆನ್ಸ್ ಕೊಡುವುದು, ಯಾರು ಯಾವ ಕ್ಲಬ್ಬಿನ ಆಟಗಾರ, ಎಷ್ಟು ವಯಸ್ಸು, ಎಷ್ಟು ಕಾರ್ಡು ಎಂದು ಬರೆದಿಡುವುದು, ತಕರಾರು ಬಂದರೆ ಬೇಗ ತೀರ್ಮಾನಿಸುವುದು.

ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ದೇಶದ ಎರಡನೇ ದರ್ಜೆಯ ಲೀಗ್ ಆದ ಐ-ಲೀಗ್‌ನ 2024–25ರ ಆವೃತ್ತಿ ಮುಗಿದದ್ದು ಏಪ್ರಿಲ್‌ನಲ್ಲಿ. ಆಟಗಾರರ ಅರ್ಹತೆ, ನೋಂದಣಿ ಕುರಿತ ತಕರಾರಿನಿಂದ ಚಾಂಪಿಯನ್ ಯಾರು ಎಂಬುದು ಮೈದಾನದಲ್ಲಿ ಇತ್ಯರ್ಥವಾಗಲೇ ಇಲ್ಲ. ಜುಲೈ 18ರಂದು ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿ, ಚರ್ಚಿಲ್ ಬ್ರದರ್ಸ್ ಅಲ್ಲ, ಇಂಟರ್ ಕಾಶಿ ಚಾಂಪಿಯನ್ ಎಂದಿತು. ಬೆವರು ಸುರಿಸಿದ್ದು ಇಲ್ಲಿ, ಕಪ್ ಯಾರದೆಂದು ಗೊತ್ತಾದದ್ದು ಅಲ್ಲಿ.

ಇನ್ನು ಹಣದ ಮಾತು, ಮೇಷ್ಟ್ರು ಇದನ್ನು ಗಮನವಿಟ್ಟು ಓದಬೇಕು. ಒಬ್ಬ ಆಟಗಾರನನ್ನು ಬೇರೆ ದೇಶದ ಕ್ಲಬ್ ಹಣ ಕೊಟ್ಟು ವರ್ಗ ಮಾಡಿಸಿಕೊಂಡರೆ, ಆ ಮೊತ್ತದಲ್ಲಿ ಶೇ 5ರಷ್ಟನ್ನು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕೆಂದು ಫಿಫಾ ನಿಯಮವಿದೆ. 12ರಿಂದ 15ರವರೆಗಿನ ನಾಲ್ಕು ವರ್ಷಕ್ಕೆ ವರ್ಷಕ್ಕೆ ಶೇ 0.25, ಆಮೇಲೆ ವರ್ಷಕ್ಕೆ ಶೇ 0.5. ಒಂದು ಕೋಟಿಗೆ ಮಾರಾಟವಾದ ಹುಡುಗ ಆ ನಾಲ್ಕೂ ವರ್ಷ ನಿಮ್ಮ ಊರಿನ ಕ್ಲಬ್ಬಿನಲ್ಲಿ ಆಡಿದ್ದರೆ ಒಂದು ಲಕ್ಷ ರೂಪಾಯಿ ಆ ಊರಿಗೆ ಬರುತ್ತದೆ. ಚೆಂಡು, ಬಲೆ, ಬೂಟು ಎಲ್ಲ ಬಂದಂತೆ. ಆದರೆ ಅವನ ಹೆಸರು ಆ ವರ್ಷಗಳಲ್ಲಿ ನಿಮ್ಮ ಕ್ಲಬ್ಬಿನಡಿ ನೋಂದಣಿಯಾಗಿರಬೇಕು. ಶಾಲೆಯ ತಂಡ ಎಂದರೆ ಅಲ್ಲಿ ಲೆಕ್ಕಕ್ಕಿಲ್ಲ. ಸರ್, ನಿಮ್ಮ ಮಕ್ಕಳಿಗೆ ಒಂದು ಕ್ಲಬ್ ಮಾಡಿ, ಜಿಲ್ಲಾ ಸಂಸ್ಥೆಯಲ್ಲಿ ಸದಸ್ಯತ್ವ ಪಡೆಯಿರಿ. ನಾನು ಜೊತೆಗೆ ಬರುತ್ತೇನೆ.


ಬವೇರಿಯಾದ ಹಳ್ಳಿಯಿಂದ
ಬೆಳಿಗ್ಗೆ 11.20

ಹಾಸನದವನು, ಮ್ಯೂನಿಕ್ ಬಳಿಯ ಒಂದು ಹಳ್ಳಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಮಗ ಹತ್ತು ವರ್ಷದವನು, ಹಳ್ಳಿಯ ಕ್ಲಬ್ಬಿನಲ್ಲಿ ಆಡುತ್ತಾನೆ. ವಾರಾಂತ್ಯದಲ್ಲಿ ಮೈದಾನಕ್ಕೆ ಗೆರೆ ಎಳೆಯುವ, ಗೋಲುಕಂಬ ಸರಿಸುವ ಸರದಿ ಪೋಷಕರದು, ನಾನೂ ಮಾಡುತ್ತೇನೆ.

ಊರಿನ ಜನಸಂಖ್ಯೆ ಮೂರು ಸಾವಿರ ದಾಟುವುದಿಲ್ಲ. ಆದರೂ ಮಗನಿಗೆ ಹೊಸ ವರ್ಷ ಶುರುವಾಗುವ ಮೊದಲೇ ಯಾವ ಶನಿವಾರ ಯಾವ ಊರಿನ ಜೊತೆ ಆಟ ಎಂದು ಗೊತ್ತಿರುತ್ತದೆ. ಮಕ್ಕಳ ತಂಡಗಳು ಚಿಕ್ಕ ಮೈದಾನದಲ್ಲಿ ಕಡಿಮೆ ಜನ ಆಡುತ್ತಾರೆ, ಪ್ರತಿಯೊಬ್ಬನಿಗೂ ಚೆಂಡು ಸಿಗಲಿ ಎಂದು. ಸೋತರೆ ಮನೆಗೆ ಹೋಗು ಎನ್ನುವ ನಾಕೌಟ್ ಈ ವಯಸ್ಸಿನಲ್ಲಿ ಅಪರೂಪ. ನಮ್ಮ ತಾಲ್ಲೂಕು ಕ್ರೀಡಾಕೂಟ ನೆನಪಾಗಿ ಹೊಟ್ಟೆ ಉರಿಯುತ್ತದೆ. ಅಲ್ಲಿ ಸೋತ ಹುಡುಗನಿಗೇ ಹೆಚ್ಚು ಆಟ ಬೇಕಾಗಿರುತ್ತದೆ, ಅವನನ್ನೇ ನಾವು ಮೊದಲು ಬಸ್ ಹತ್ತಿಸುತ್ತೇವೆ.

ಜರ್ಮನಿಗೂ ಪೆಟ್ಟು ಬಿದ್ದಿತ್ತು. 2000ದ ಯೂರೋ ಕಪ್‌ನಲ್ಲಿ ಒಂದೂ ಪಂದ್ಯ ಗೆಲ್ಲದೆ ಗುಂಪಿನ ತಳದಲ್ಲಿ ಉಳಿದರು. ಆಮೇಲೆ ಫೆಡರೇಷನ್ ಮಾಡಿದ ಮುಖ್ಯ ಕೆಲಸ ಎರಡು: ವೃತ್ತಿಪರ ಕ್ಲಬ್ಬುಗಳು ಯುವ ಅಕಾಡೆಮಿ ನಡೆಸಲೇಬೇಕು ಎಂದು ಲೈಸೆನ್ಸಿಗೆ ಷರತ್ತು ಹಾಕಿದರು, ದೇಶದ ಉದ್ದಗಲಕ್ಕೆ ಮುನ್ನೂರಕ್ಕೂ ಹೆಚ್ಚು ತರಬೇತಿ ಕೇಂದ್ರಗಳನ್ನು ತೆರೆದು, ದೊಡ್ಡ ಕ್ಲಬ್ಬುಗಳ ಕಣ್ಣಿಗೆ ಬೀಳದ ಹಳ್ಳಿ ಮಕ್ಕಳನ್ನು ಅಲ್ಲಿಗೆ ಕರೆಸಿಕೊಂಡರು. 2014ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಕಪ್ ಎತ್ತಿದರು. ನೀಲಿ ಗ್ಯಾಲರಿಯವರೇ, ದೊಡ್ಡ ಕ್ಲಬ್ಬನ್ನೂ ಚಿಕ್ಕ ಹುಡುಗನನ್ನೂ ಒಂದೇ ದಾರದಲ್ಲಿ ಕಟ್ಟುವ ಅಧಿಕಾರ ಇರುವುದು ಫೆಡರೇಷನ್ನಿಗೆ ಮಾತ್ರ. ಕ್ಲಬ್ಬಿನ ಮಾಲೀಕ ತಾನಾಗಿ ಅದನ್ನು ಮಾಡುವುದಿಲ್ಲ.


ನೀಲಿ ಗ್ಯಾಲರಿ
ಬೆಳಿಗ್ಗೆ 11.45

ಒಪ್ಪುತ್ತೇನೆ. ಆದರೆ ಅಲ್ಲಿ ಆ ಷರತ್ತು ಹಾಕಿದಾಗ ದೊಡ್ಡ ಲೀಗ್ ಗಟ್ಟಿಯಾಗಿ ನಿಂತಿತ್ತು. ನಮ್ಮಲ್ಲಿ ಲೈಸೆನ್ಸಿಗೆ ಷರತ್ತು ಹಾಕಬೇಕೆಂದರೆ ಮೊದಲು ಲೀಗ್ ಇರಬೇಕಲ್ಲ! ಇನ್ನೊಂದು ಮಾತು: ಲೀಗನ್ನು ಫೆಡರೇಷನ್ ತಾನೇ ನಡೆಸಬೇಕೆಂದು ನಾನು ಹೇಳುತ್ತಿಲ್ಲ. ಜಪಾನಿನಲ್ಲಿ 1993ರಲ್ಲಿ ಜೆ-ಲೀಗ್ ಶುರುವಾಯಿತು, ಐದೇ ವರ್ಷಕ್ಕೆ ಮೊದಲ ವಿಶ್ವಕಪ್ ಆಡಿದರು. ಅಲ್ಲಿ ಲೀಗ್ ಬೇರೆ, ಫೆಡರೇಷನ್ ಬೇರೆ, ಆದರೆ ಇಬ್ಬರ ಕ್ಯಾಲೆಂಡರ್ ಒಂದು. ನಮ್ಮಲ್ಲಿ ಹದಿನೈದು ವರ್ಷದ ಒಪ್ಪಂದ ಮುಗಿಯುವ ದಿನಾಂಕ ಹದಿನೈದು ವರ್ಷದಿಂದ ಗೊತ್ತಿತ್ತು. ಆದರೂ ಕೊನೆಯ ತಿಂಗಳುಗಳಲ್ಲಿ ಟೆಂಡರ್. ಇದನ್ನು ನಾನು ಕ್ಷಮಿಸಲಾರೆ.


ಆಸ್ಟಿನ್ ಟೌನ್ ತಾತ
ಮಧ್ಯಾಹ್ನ 3.10

ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನನಗೆ 78 ವರ್ಷ.

ಫೆಡರೇಷನ್ ಹುಟ್ಟಿದ 1937ರಲ್ಲೇ ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ ಬ್ರಿಟಿಷ್ ತಂಡಗಳದಾಗಿತ್ತು. ನಮ್ಮಪ್ಪ ಅದನ್ನು ಸಾಯುವವರೆಗೂ ಹೇಳುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಹ್ಮದ್ ಖಾನ್ ಬೆಂಗಳೂರಿನವರು. ಆಗ ಮೈಸೂರು ಎನಿಸಿಕೊಂಡಿದ್ದ ನಮ್ಮ ರಾಜ್ಯದ ತಂಡ 1946ರಿಂದ 1969ರ ನಡುವೆ ನಾಲ್ಕು ಸಲ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಕೊನೆಯ ಎರಡು ಸಲ ನಾನು ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ, ಓಣಿಯಲ್ಲಿ ಮೆರವಣಿಗೆ ಮಾಡಿದ್ದೇವೆ. ಐದನೆಯದಕ್ಕೆ 54 ವರ್ಷ ಕಾದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದರು. ಮೊಬೈಲಿನಲ್ಲಿ ನೋಡಿ ಅತ್ತುಬಿಟ್ಟೆ.

ನಮಗೆ ಆಟ ಎಲ್ಲಿಂದ ಬಂತು? ಗೌತಮಪುರದ ಗಲ್ಲಿಗಳಿಂದ. ಇಂದಿಗೂ ಅಲ್ಲಿ ಪೆಲೆಯ ಪ್ರತಿಮೆ ನಿಂತಿದೆ. ಆಮೇಲೆ ಬೆಂಗಳೂರು ಲೀಗ್: ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ವಾರವೆಲ್ಲ ಆಟ. ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ತಂಡಗಳು, ಸೇನೆಯ ಎಂಇಜಿ ತಂಡ ಹುಡುಗರಿಗೆ ಕೆಲಸ ಕೊಟ್ಟವು. ಕೂಲಿಯವರ ಮಗ ಚೆನ್ನಾಗಿ ಒದ್ದರೆ ಕಾರ್ಖಾನೆಯ ಸಂಬಳ, ಕ್ವಾರ್ಟರ್ಸು. ಅದರಿಂದ ಮನೆಗಳು ಮೇಲೆ ಬಂದವು. ಆ ಕೆಲಸಗಳು ಒಂದೊಂದಾಗಿ ನಿಂತಾಗ ಅದಕ್ಕೆ ಬದಲು ಏನು ಎಂದು ಯಾರೂ ಯೋಚಿಸಲಿಲ್ಲ.

ಫೆಡರೇಷನ್ನಿನ ಒಂದೊಂದು ತೀರ್ಮಾನ ತಲೆಮಾರುಗಳನ್ನೇ ತಾಗುತ್ತದೆ. 1950ರಲ್ಲಿ ಬ್ರೆಜಿಲ್ ವಿಶ್ವಕಪ್‌ಗೆ ಕರೆ ಬಂದಿತ್ತು, ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಕತೆ ಹಬ್ಬಿದೆ, ಅದನ್ನು ನಂಬಬೇಡಿ. ಅಭ್ಯಾಸಕ್ಕೆ ಸಮಯವಿಲ್ಲ, ಆಯ್ಕೆಯಲ್ಲಿ ಒಮ್ಮತವಿಲ್ಲ ಎಂದು ಕೈಬಿಟ್ಟರು. ಆಗ ಅವರಿಗೆ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತು. ಬೂಟು ಕಡ್ಡಾಯವಾದದ್ದು 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 1–10ರಿಂದ ಸೋತ ಮೇಲೆ. ಒಂದು ಸರಿಯಾದ ತೀರ್ಮಾನ, ಒಂದು ತಪ್ಪಿದ ತೀರ್ಮಾನ. ಬೂಟು ಹಾಕಿಕೊಂಡ ಅದೇ ದೇಶ ಕೋಚ್ ರಹೀಮ್ ಸಾಹೇಬರ ಕೈಯಲ್ಲಿ 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯದಾಯಿತು, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಚಿನ್ನ ಗೆದ್ದಿತು. ವಿಶ್ವಕಪ್‌ಗೆ ಹೋಗುವ ಅವಕಾಶ ಮಾತ್ರ ಮತ್ತೆ ಬರಲಿಲ್ಲ.


ಗೋಲ್‌ಕೀಪರ್ ತಾಯಿ
ಸಂಜೆ 5.30

ತಾತ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನಾನು ಬೆಳಗಾವಿಯವಳು. ಮಗಳಿಗೆ ಹದಿಮೂರು, ಗೋಲ್‌ಕೀಪರ್. ಇಷ್ಟು ಹೊತ್ತು ಎಲ್ಲರೂ ‘ಹುಡುಗ’ ಎಂದೇ ಬರೆದಿದ್ದೀರಿ. ಮೇಷ್ಟ್ರು ‘ಮಗು’ ಎಂದರು, ಅದಕ್ಕೆ ಕೃತಜ್ಞಳು.

ಹೆಣ್ಣುಮಕ್ಕಳ ಫುಟ್‌ಬಾಲ್ ನಮ್ಮಲ್ಲಿ 1975ರಿಂದ ಬೇರೆಯದೇ ಸಂಸ್ಥೆಯ ಕೈಯಲ್ಲಿತ್ತು. ಏಷ್ಯಾ ಕಪ್‌ನಲ್ಲಿ ಎರಡು ಸಲ ಎರಡನೇ ಸ್ಥಾನ ಪಡೆದದ್ದು ಆ ಕಾಲದಲ್ಲೇ. ತೊಂಬತ್ತರ ದಶಕದಲ್ಲಿ ಅದು ಎಐಎಫ್‌ಎಫ್‌ಗೆ ಬಂತು, ರಾಷ್ಟ್ರೀಯ ಮಹಿಳಾ ಲೀಗ್ ಶುರುವಾಗಲು 2016 ಆಗಬೇಕಾಯಿತು. ಆದರೂ ಈ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ನಮ್ಮವರು 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅರ್ಹತಾ ಸುತ್ತು ಆಡಿ ಗೆದ್ದು ಆ ಟೂರ್ನಿಗೆ ಹೋಗುತ್ತಿರುವುದು ಇದೇ ಮೊದಲು. ಗಂಡಸರ ಸೋಲಿನ ಬಗ್ಗೆ ನಡೆದಷ್ಟು ಮಾತು ಈ ಗೆಲುವಿನ ಬಗ್ಗೆ ನಡೆಯಲಿಲ್ಲ.

ನನ್ನ ಬೇಡಿಕೆ ತುಂಬ ಚಿಕ್ಕದು. ಹೋದ ವರ್ಷ ಒಂದು ಟೂರ್ನಿಗೆ ಮಗಳನ್ನು ಕರೆದೊಯ್ದಿದ್ದೆ. ಮೈದಾನದಲ್ಲಿ ಶೌಚಾಲಯವಿರಲಿಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಹದಿನಾರು ಹೆಣ್ಣುಮಕ್ಕಳು ನೀರು ಕುಡಿಯದೆ ಆಡಿದರು. ಕ್ಲಬ್ಬಿಗೆ ಲೈಸೆನ್ಸು, ಕೋಚಿಗೆ ಲೈಸೆನ್ಸು ಎನ್ನುತ್ತೀರಿ. ಮಕ್ಕಳು ಆಡುವ ಮೈದಾನಕ್ಕೂ ಒಂದು ಕನಿಷ್ಠ ನಿಯಮವಿರಲಿ: ಶೌಚಾಲಯ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹೆಣ್ಣುಮಕ್ಕಳ ತಂಡದ ಜೊತೆ ಒಬ್ಬ ಹೆಂಗಸು. ಇವಿಲ್ಲದ ಪಂದ್ಯಕ್ಕೆ ಮಾನ್ಯತೆಯಿಲ್ಲ ಎಂದು ಫೆಡರೇಷನ್ ಬರೆದರೆ ಸಾಕು, ಕೆಳಗಿನವರು ಮಾಡಲೇಬೇಕಾಗುತ್ತದೆ.


ಕಾನೂನು ಓದುಗ
ಸಂಜೆ 6.05

ಅಮ್ಮ, ಇದು ಚಿಕ್ಕ ಬೇಡಿಕೆಯಲ್ಲ. ಫೆಡರೇಷನ್ನಿನ ಅಧಿಕಾರದ ಸರಿಯಾದ ಬಳಕೆ ಎಂದರೆ ಇದೇ. ಫಿಫಾದಿಂದ ಪ್ರತಿ ದೇಶದ ಸಂಸ್ಥೆಗೆ 2023ರಿಂದ 2026ರ ಅವಧಿಗೆ 80 ಲಕ್ಷ ಡಾಲರ್‌ವರೆಗೆ ಅಭಿವೃದ್ಧಿ ಹಣ ಸಿಗಬಹುದು. ಅದನ್ನು ರಾಜ್ಯಗಳಿಗೆ ಹಂಚುವಾಗ ‘ಎಷ್ಟು ಮಕ್ಕಳು ಎಷ್ಟು ಪಂದ್ಯ ಆಡಿದರು, ಅದರಲ್ಲಿ ಹೆಣ್ಣುಮಕ್ಕಳೆಷ್ಟು, ಮೈದಾನ ಹೇಗಿತ್ತು’ ಎಂದು ಕೇಳಿ ಕೊಡಬಹುದು. ಮತದಾರ ಸಂಸ್ಥೆಗಳನ್ನು ಮಕ್ಕಳ ಕಡೆಗೆ ತಿರುಗಿಸಲು ಇದಕ್ಕಿಂತ ನೇರ ದಾರಿ ನನಗೆ ಕಾಣುವುದಿಲ್ಲ.


ನೀಲಿ ಗ್ಯಾಲರಿ
ಸಂಜೆ 6.40

ನಿನ್ನೆ ರಾತ್ರಿ ಬರೆದದ್ದನ್ನು ಪೂರ್ತಿ ಹಿಂದೆಗೆದುಕೊಳ್ಳುವುದಿಲ್ಲ. ಲೀಗ್ ಶುರುವಾಗಲೇಬೇಕು, ಆಟಗಾರರಿಗೆ ಸಂಬಳ ಬರಲೇಬೇಕು. ಆದರೆ ಹನ್ನೊಂದು ವರ್ಷ ಗ್ಯಾಲರಿಯಲ್ಲಿ ಕುಳಿತವನು ಒಂದು ಸಲವೂ ಶಾಲಾ ಮಕ್ಕಳ ಪಂದ್ಯ ನೋಡಲು ಹೋಗಿಲ್ಲ ಎಂಬುದು ಈ ಮಾತುಗಳನ್ನು ಓದುವಾಗ ಮನಸ್ಸಿಗೆ ತಟ್ಟಿತು. ಮೇಷ್ಟ್ರೇ, ನಿಮಗೆ ಏನು ಬೇಕು ಹೇಳಿ. ನಮ್ಮ ಗೆಳೆಯರ ಗುಂಪಿನಲ್ಲಿ ನಲವತ್ತು ಜನ ಇದ್ದೇವೆ.


ಪಿ.ಟಿ. ಮೇಷ್ಟ್ರು
ರಾತ್ರಿ 8.15

ಎಲ್ಲರಿಗೂ ನಮಸ್ಕಾರ. ಮಧ್ಯಾಹ್ನ ಸುತ್ತಲಿನ ಐದು ಶಾಲೆಗಳ ದೈಹಿಕ ಶಿಕ್ಷಕರಿಗೆ ಫೋನ್ ಮಾಡಿದೆ. ನಾಲ್ವರು ಒಪ್ಪಿದ್ದಾರೆ, ಐದನೆಯವರು ಮುಖ್ಯೋಪಾಧ್ಯಾಯರನ್ನು ಕೇಳಿ ಹೇಳುತ್ತಾರೆ. ಆರು ತಂಡ, ಪ್ರತಿ ತಂಡ ಉಳಿದ ಐದರ ಜೊತೆ ಎರಡೆರಡು ಸಲ. ಡಿಸೆಂಬರ್ 14ರಿಂದ ಫೆಬ್ರುವರಿ ಕೊನೆಯೊಳಗೆ ಭಾನುವಾರಗಳಂದು ಮೂವತ್ತು ಪಂದ್ಯ. ಒಂದೊಂದು ಮಗುವಿಗೆ ಹತ್ತು. ಇಪ್ಪತ್ತೈದು ಕೇಳಿದವನಿಗೆ ಹತ್ತು ಸಿಕ್ಕಿದೆ. ಎರಡು ಶಾಲೆಗಳಲ್ಲಿ ಹೆಣ್ಣುಮಕ್ಕಳ ತಂಡ ಮಾಡುವಷ್ಟು ಜನರಿದ್ದಾರೆ, ಅವರದೂ ಅದೇ ದಿನ. ಪಂದ್ಯಗಳು ಶಾಲೆಯ ಮೈದಾನದಲ್ಲೇ, ಶೌಚಾಲಯದ ಬೀಗದ ಕೈ ನನ್ನ ಬಳಿ ಇರುತ್ತದೆ.

ಸೀಟಿಯವರೇ, ಕ್ಲಬ್ ನೋಂದಣಿಗೆ ಯಾವ ಕಾಗದ ಬೇಕೋ ಪಟ್ಟಿ ಕಳುಹಿಸಿ. ಜನ್ಮ ಪ್ರಮಾಣಪತ್ರ ಇಲ್ಲದ ಮಕ್ಕಳು ಮೂವರಿದ್ದಾರೆ, ಈ ವಾರವೇ ಅರ್ಜಿ ಕೊಡಿಸುತ್ತೇನೆ. ನೀಲಿ ಗ್ಯಾಲರಿಯವರೇ, ಐದನೇ ಅಳತೆಯ ಚೆಂಡು ನಾಲ್ಕು ಬೇಕು. ಬಂದು ಕೂಗಿದರೆ ಇನ್ನೂ ಒಳ್ಳೆಯದು, ನಮ್ಮ ಮಕ್ಕಳ ಆಟಕ್ಕೆ ಯಾರೂ ಕೂಗಿದ್ದಿಲ್ಲ.

ಆ ಹುಡುಗನಿಗೆ ನಾಳೆ ಏನು ಹೇಳಬೇಕೆಂದು ಗೊತ್ತಾಗಿದೆ. ಫೆಡರೇಷನ್ ಏನೇನು ಮಾಡಬೇಕೆಂದು ಹೇಳಿ, ಒಂದು ಪತ್ರ ಬರೆಸುತ್ತೇನೆ: ಜಿಲ್ಲಾ ಸಂಸ್ಥೆಗೆ ಒಂದು ಪ್ರತಿ, ರಾಜ್ಯ ಸಂಸ್ಥೆಗೆ ಒಂದು, ದೆಹಲಿಯ ಫುಟ್‌ಬಾಲ್ ಹೌಸ್‌ಗೆ ಒಂದು. ಅವನ ಅಕ್ಷರ ದುಂಡಾಗಿದೆ.


ನೀಲಿ ಗ್ಯಾಲರಿ
ರಾತ್ರಿ 8.22

ಆರು ಚೆಂಡು ತರುತ್ತೇವೆ. ಎರಡು ಡೋಲು ಕೂಡ.


ಸೀಟಿ
ರಾತ್ರಿ 8.50

14ರಂದು ಬೆಳಿಗ್ಗೆ ಏಳಕ್ಕೆ ಅಲ್ಲಿರುತ್ತೇನೆ. ಕಾರ್ಡು, ಬಾವುಟ, ಪಂದ್ಯದ ವರದಿ ಪುಸ್ತಕ ನನ್ನದು. ಗೋಲುಕಂಬಕ್ಕೆ ಬಲೆ ಇದೆಯೇ?


ಪಿ.ಟಿ. ಮೇಷ್ಟ್ರು
ರಾತ್ರಿ 8.55

ಒಂದಕ್ಕೆ ಇದೆ. ಇನ್ನೊಂದಕ್ಕೆ ಹಳೆಯ ವಾಲಿಬಾಲ್ ಬಲೆ ಹೊಲಿಯುತ್ತಿದ್ದೇವೆ.